ಒಣನೀರಿನ ಮುಂದೆ ಕೂತವರು

ನಮ್ಮ ಊರಿನಲ್ಲಿ ಯಾರದಾದರೂ ಈಳಿಗೆಮಣೆ ಎರವಲು ಬೇಕಾದರೆ ಅದರ ಜೊತೆಗೆ ಅದರ ಒಡತಿಯನ್ನೂ ಕರೆದುಕೊಂಡು ಬರಬೇಕು. ಬರೀ ಈಳಿಗೆ ಹೊತ್ತು ತಂದು ನಾನೇ ಹೆಚ್ಚುತ್ತೇನೆ ಎಂದು ಕೂತರೆ ಬದನೆಕಾಯಿ ಅಲಗಿನ ಮೇಲೆ ಮೀನಿನ ಹಾಗೆ ಜಾರಿಕೊಂಡು ಹೋಗುತ್ತದೆ. ಕಬ್ಬಿಣವು ತನಗೆ ಗೊತ್ತಿರುವ ಕೈಗೆ ಮಾತ್ರ ಕಬ್ಬಿಣ. ಬೇರೆಯವರ ಕೈಯಲ್ಲಿ ಅದು ಕುರುಡು. ಬೀಗದಕೈ ಸುಮ್ಮನೆ ಗಿರಗಿರ ತಿರುಗುತ್ತದೆ, ಸೂಜಿ ಬಟ್ಟೆಯ ಮೇಲೆ ಅಡ್ಡ ಮಲಗಿಬಿಡುತ್ತದೆ, ಕೊಡಲಿ ಕಟ್ಟಿಗೆಗೆ ಬಡಿದು ನನಗೇನು ಸಂಬಂಧ ಎನ್ನುವಂತೆ ಹಿಂದಕ್ಕೆ ಪುಟಿಯುತ್ತದೆ. ಹೀಗಾಗಿ ನಮ್ಮಲ್ಲಿ ಕಳ್ಳರು ಕಡಿಮೆ. ನೆಂಟರು ಬರುವಾಗ ತಮ್ಮ ತಮ್ಮ ಸೌಟು, ಕತ್ತರಿ, ಉಗುರು ತೆಗೆಯುವ ಚಾಕು ಕಟ್ಟಿಕೊಂಡೇ ಬರುತ್ತಾರೆ. ಜಗಳವಾಡಿಕೊಂಡು ಅತ್ತೆಯೇನಾದರೂ ತವರಿಗೆ ಹೊರಟುಹೋದರೆ ಆ ಮನೆಯ ಕಪಾಟು ವಾರಗಟ್ಟಲೆ ತೆರೆಯುವುದಿಲ್ಲ. ಸೊಸೆಯೇ ಹೋಗಿ ಕಾಲು ಹಿಡಿದು ಕರೆದು ತರಬೇಕಾಗುತ್ತದೆ.

ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಮಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಕಬ್ಬಿಣಕ್ಕೆ ಕೈಯ ಪರಿಚಯ ಮಾಡಿಸಬೇಕು, ಅಷ್ಟೇ. ಅದಕ್ಕೆಂದೇ ಹಳೆಯ ಹತ್ತಿ ಗೋದಾಮಿನ ಹಿಂದೆ ತೊಗಲುಮನೆ ಇದೆ. ಹೊಸ ಕಬ್ಬಿಣವನ್ನು ಅಲ್ಲಿಗೆ ತಂದು ಒಂದು ತೆಳ್ಳನೆಯ ತೊಗಲು ಬೆಳೆಸಿಕೊಂಡು ಹೋಗುತ್ತಾರೆ. ಆ ಮನೆಯ ಯಜಮಾನಿ ದುಂಡವ್ವ. ಅವಳ ಕೈಕೆಳಗೆ ಇರುವವಳು ನಾನು, ಶಾಂಭವಿ. ಊರಿನವರ ಬಾಯಲ್ಲಿ ಶಾಂಬಿ.

ತೊಗಲುಮನೆಯ ನಡುವೆ ಒಂದು ಕಲ್ಲಿನ ಬಾನಿ. ಅದರಲ್ಲಿರುವುದು ಒಣನೀರು. ನೋಡಲು ಹಳೆಯ ಜೇನಿನ ಹಾಗೆ ಕಂದು, ಹರಿಯುವಾಗ ಹರಳೆಣ್ಣೆಯಷ್ಟು ಸೋಮಾರಿ. ಆದರೆ ಅದು ಜೇನೂ ಅಲ್ಲ, ಎಣ್ಣೆಯೂ ಅಲ್ಲ, ಉಪ್ಪು. ನೀರಿನಲ್ಲಿ ಕರಗಿದ ಉಪ್ಪಲ್ಲ. ಒಂದು ಹನಿಯೂ ನೀರಿಲ್ಲದೆ ತಾನೇ ತಾನಾಗಿ ಹರಿಯುವ ಉಪ್ಪು. ನಡುಬೇಸಿಗೆಯಲ್ಲಿ ಮುಚ್ಚಳ ತೆಗೆದಿಟ್ಟರೂ ಕೂದಲೆಳೆಯಷ್ಟು ಆರುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದನ್ನೇ ನೋಡುತ್ತ ನಿಂತಿದ್ದಾಗ ದುಂಡವ್ವ ಹೇಳಿದ್ದಳು:

"ಉಪ್ಪು ಹರಳಾಗಬೇಕಂದ್ರ ಅದರೊಳಗಿನ ಮಂದಿ ಪಂಕ್ತಿಗೆ ಕುಂತಂಗ ಸಾಲಾಗಿ ಕುಂದರಬೇಕು. ಇದರಾಗ ಒಬ್ಬಾಂವ ಆನಿ, ಒಬ್ಬಾಂವ ಇರುವಿ. ಆನಿ ಬಾಜೂಕ ಇರುವಿ ಕುಂದ್ರಿಸಿ ಸಾಲು ಹೆಂಗ ಮಾಡ್ತಿ? ಅದಕ್ಕ ಇವು ಕುಂದರೂದನ ಇಲ್ಲ. ಓಡ್ಯಾಡಕೋತನ ಇರ್ತಾವು."

ಮಾಮೂಲಿ ನೀರಿನಲ್ಲೇ ಯಾಕೆ ಮಾಡಬಾರದು ಎಂದು ನಾನು ಕೇಳಿದ್ದೆ. ನೀರಿನಲ್ಲಿ ತುಕ್ಕಿನ ಕೈ ಮುಂದೆ, ಎಂದಳು. ಕಬ್ಬಿಣವನ್ನು ನೀರಿಗಿಳಿಸಿ ಕರೆಂಟು ಹರಿಸಿದರೆ ತೊಗಲು ಬರುವ ಮೊದಲೇ ಕಬ್ಬಿಣ ಕರಗತೊಡಗುತ್ತದೆ. ಒಣನೀರಿನಲ್ಲಿ ಹಾಗಲ್ಲ. ಅದಕ್ಕೆ ಚಿಪ್ಪಿನಿಂದ ಸ್ವಲ್ಪ ಕಾಳುರಸ ಬೆರೆಸುತ್ತೇವೆ. ಹುಣಸೆಬೀಜ ಹುರಿದಂಥ ವಾಸನೆ ಅದಕ್ಕೆ. ಕರೆಂಟು ಮುಟ್ಟಿದ ಕೂಡಲೇ ಆ ರಸದೊಳಗಿನ ಕಾಳು ಪಕ್ಕದ ಕಾಳಿನ ಕೈ ಹಿಡಿಯುತ್ತದೆ, ಅದು ಇನ್ನೊಂದರ ಕೈ ಹಿಡಿಯುತ್ತದೆ, ಸರವಾಗುತ್ತದೆ, ಸರಗಳು ಕಬ್ಬಿಣದ ಮೈಮೇಲೆ ಒತ್ತೊತ್ತಾಗಿ ಕೂರುತ್ತವೆ. ಮೊದಲು ಅರಿಸಿನದ ನೀರಿನ ಬಣ್ಣ, ಆಮೇಲೆ ಗಿಳಿಹಸಿರು, ಕೊನೆಗೆ ನವಿಲಿನ ಕತ್ತಿನ ಕಪ್ಪುನೀಲಿ. ಬಣ್ಣ ಬಳಿದರೂ ಕಬ್ಬಿಣ ಮುಚ್ಚುತ್ತದೆ, ಆದರೆ ಬಣ್ಣವೆಂದರೆ ಗೋಡೆ. ಈ ತೊಗಲು ಬಾಗಿಲು. ಕರೆಂಟನ್ನೂ ಬಿಡುತ್ತದೆ, ಕೈಯನ್ನೂ ಬಿಡುತ್ತದೆ.

ಕಬ್ಬಿಣದ ಒಡೆಯ ಬಾನಿಯ ಮುಂದೆ ಮಣೆಯ ಮೇಲೆ ಕೂರಬೇಕು. ಒಂದು ಕೈಯಲ್ಲಿ ಕರೆಂಟಿನ ಪೆಟ್ಟಿಗೆಯಿಂದ ಬರುವ ತಾಮ್ರದ ಕಡ್ಡಿ, ಇನ್ನೊಂದರಲ್ಲಿ ತಾಮ್ರದ ಕೊಕ್ಕೆ. ಕೊಕ್ಕೆಯ ತುದಿಗೆ ಒಣನೀರಿನಲ್ಲಿ ಮುಳುಗಿದ ಕಬ್ಬಿಣ. ಎದುರಿಗೆ ಕೂತ ನಾವು ಕಾಲಡಿಯ ಹಲಗೆ ಒತ್ತಿದರೆ ಕರೆಂಟು ಆ ಮನುಷ್ಯನೊಳಗೆ ಹಾದು ಕಬ್ಬಿಣಕ್ಕೆ ಇಳಿಯುತ್ತದೆ. ನೋವಿಲ್ಲ. ತೋಳಿನಲ್ಲಿ ಇರುವೆ ಹರಿದ ಹಾಗೆ. ಯಾವಾಗ ಕಾಲು ತೆಗೆಯಬೇಕು ಎನ್ನುವುದೇ ಇಡೀ ವಿದ್ಯೆ. ಬೇಗ ತೆಗೆದರೆ ತೊಗಲು ಹಾಲಿನ ಕೆನೆಯಂತೆ ಒರೆಸಿಹೋಗುತ್ತದೆ, ತಡವಾದರೆ ತಳಹಿಡಿದ ಅನ್ನದ ಹಾಗೆ ಚಕ್ಕೆ ಏಳುತ್ತದೆ. ಬಾನಿಯೊಳಗೆ ಇಣುಕಿದರೆ ಕಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ಗಡಿಯಾರ ಇಟ್ಟು ನೋಡಿದವರಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ಆದ್ದರಿಂದ ನಾವು ನೋಡುವುದು ಕೂತವರ ಮುಖವನ್ನು.

ಮೊದಮೊದಲು ಅಲ್ಲಿ ಏನೂ ಕಾಣುವುದಿಲ್ಲ. ಜನ ಕೆಮ್ಮುತ್ತಾರೆ, ಮೂಗಿನ ತುದಿ ತುರಿಸುತ್ತದೆ ಎನ್ನುತ್ತಾರೆ, ಮಾರುಕಟ್ಟೆಯ ಸುದ್ದಿ ಹೇಳುತ್ತಾರೆ. ಆಮೇಲೆ ಮಾತು ತಾನೇ ನಿಲ್ಲುತ್ತದೆ. ಮುಖ ಸುಮ್ಮನಾಗುತ್ತದೆ. ಆ ಸುಮ್ಮನಿರುವ ಮುಖದ ಮೇಲೆ ಒಂದು ಗಳಿಗೆಯಲ್ಲಿ ಏನೋ ಬಂದು ಹೋಗುತ್ತದೆ. ಅದು ಬಂದಾಗ "ಸಾಕು" ಎನ್ನಬೇಕು. ಪೊಲೀಸು ಜಮಾದಾರರ ಮುಖದಲ್ಲಿ ಅದು ಬಂದಾಗ ಅವರು ಯಾರೋ ಬೆನ್ನು ತಟ್ಟುತ್ತಿದ್ದಾರೆ ಎನ್ನುವ ಹಾಗೆ ಕಂಡರು. ನನ್ನನ್ನು ಶಾಲೆಯಲ್ಲಿ ದಡ್ಡಿ ಎಂದಿದ್ದ ಮಾಸ್ತರರು ಚಪ್ಪಲಿ ಕಳೆದುಕೊಂಡ ಮಗುವಿನ ಹಾಗೆ ಕಂಡರು. ಹೊಸ ಮದುಮಗಳೊಬ್ಬಳು ಬೀಗದಕೈ ಮಾಡಿಸಲು ಬಂದವಳು ಆ ಗಳಿಗೆಯಲ್ಲಿ ಎಂಬತ್ತರ ಮುದುಕಿಯಂತೆ ಕಂಡಳು. ಅದೇ ಮನುಷ್ಯ ಕತ್ತಿ ತಂದಾಗ ಒಂದು, ಗುದ್ದಲಿ ತಂದಾಗ ಇನ್ನೊಂದು. ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನನಗೆ ಕುತೂಹಲ. ಮನೆಗೆ ಹೋಗಿ ರೊಟ್ಟಿ ತಿನ್ನುವಾಗಲೂ ಅದೇ ಯೋಚನೆ.

"ಅದು ಏನಬೇ?" ಎಂದು ದುಂಡವ್ವನನ್ನು ಕೇಳಿದ್ದೆ.

"ಯಾರಿಗ್ಗೊತ್ತು. ಗೊತ್ತಾಗಿದ್ರ ಎಂದೋ ಈ ಕೆಲಸ ಬ್ಯಾಸರಾಗ್ತಿತ್ತು," ಎಂದಳು.

ಇಷ್ಟು ಜನರ ಮುಖ ನೋಡುವ ನನಗೆ ಸ್ವಂತದ್ದೆಂದು ಒಂದು ಗುಂಡುಪಿನ್ನೂ ಇರಲಿಲ್ಲ. ನಮ್ಮಲ್ಲಿ ಐದನೆಯ ತರಗತಿಗೆ ಬಂದ ಮಕ್ಕಳು ಸೀಸದಕಡ್ಡಿ ಬಿಟ್ಟು ಮಸಿಯ ಪೆನ್ನು ಹಿಡಿಯಬೇಕು. ನಿಬ್ಬಿಗೆ ತೊಗಲು ಬೆಳೆಸಲು ಎಲ್ಲರನ್ನೂ ಸಾಲಾಗಿ ತೊಗಲುಮನೆಗೆ ಕರೆತರುತ್ತಾರೆ. ನನ್ನ ಸರದಿ ಬಂದು ಮಣೆಯ ಮೇಲೆ ಕೂತಾಗ ಎದುರಿಗೆ ದುಂಡವ್ವ, ಹಿಂದೆ ಮಾಸ್ತರರು, ಬಾಗಿಲಲ್ಲಿ ಇಡೀ ತರಗತಿ. ಅಷ್ಟೂ ಕಣ್ಣು ನನ್ನ ಒಂದು ಮುಖದ ಮೇಲೆ. ನಾನು ಕಡ್ಡಿ ಎಸೆದು ಓಡಿಹೋದೆ. ಮತ್ತೆ ಎರಡು ಸಲ ಕೂರಿಸಿದರು, ಎರಡು ಸಲವೂ ಓಡಿದೆ. ನಿಬ್ಬು ಕುರುಡಾಗಿಯೇ ಉಳಿಯಿತು. ಬರೆಯಲಾರದವಳಿಗೆ ಶಾಲೆ ಯಾಕೆ ಎಂದು ಅವ್ವ ಬಿಡಿಸಿದಳು. ಆಮೇಲೆ ನಾನು ಮರ, ಮಣ್ಣು, ಬಿದಿರುಗಳ ನಡುವೆಯೇ ಬೆಳೆದೆ. ಬಿದಿರಿನ ಸಿಬಿರಿನಿಂದ ತರಕಾರಿ ಸೀಳಿದೆ, ಕೂದಲನ್ನು ದಾರದಿಂದ ಕಟ್ಟಿದೆ, ಅವ್ವ ಬಂದು ಬೀಗ ತೆಗೆಯುವವರೆಗೆ ಕಟ್ಟೆಯ ಮೇಲೆ ಕಾದೆ. ಊರಿನವರು ಮರದ ಹುಡುಗಿ ಎಂದು ಕರೆದರು. ದುಂಡವ್ವ ಮಾತ್ರ ಒಂದು ದಿನ ಮನೆಗೇ ಬಂದು ಅವ್ವನಿಗೆ ಹೇಳಿದಳು: "ನೋಡಿಸಿಕೊಳ್ಳಾಕ ಆಗದಾಕಿಗೆ ನೋಡೂದು ಭಾಳ ಚಲೋ ಬರತೈತಿ. ಆಕೀನ ನನಗ ಕೊಡು."

ಅದು ನಿಜವೇ ಆಯಿತು. ಹಾದಿಯಲ್ಲಿ ಯಾರಾದರೂ ಎದುರಾದರೆ ಗೋಡೆಗೆ ಸರಿಯುವ ನಾನು ಬಾನಿಯ ಮುಂದೆ ಕೂತರೆ ಯಾರ ಮುಖವನ್ನಾದರೂ ಕಣ್ಣು ಮಿಟುಕಿಸದೆ ನೋಡಬಲ್ಲೆ. ಅಲ್ಲಿ ನೋಡುವುದು ನನ್ನ ಕೆಲಸ. ಯಾರೂ ಏನೂ ಅನ್ನುವಂತಿಲ್ಲ. ಆ ಅರೆಗತ್ತಲೆಯ ಕೋಣೆ ಬಿಟ್ಟರೆ ಜನರ ಹತ್ತಿರ ಇರಲು ನನಗೆ ಇನ್ನೊಂದು ಜಾಗ ಇರಲಿಲ್ಲ.

ದುಂಡವ್ವನ ಕಣ್ಣಿಗೆ ಪೊರೆ ಬಂದ ಮೇಲೆ ನೋಡುವ ಕೆಲಸ ಪೂರ್ತಿ ನನ್ನದಾಯಿತು. ಎತ್ತುವ ಕೆಲಸ ಅವಳದೇ. ತೊಗಲು ಬೆಳೆದ ಕಬ್ಬಿಣವನ್ನು ಕೊಕ್ಕೆಯಿಂದ ಕಳಚಿ, ಇಕ್ಕಳದಿಂದ ಕಚ್ಚಿಸಿ, ಒಂದೇ ಉಸಿರಿಗೆ ಮೇಲೆತ್ತಿ ಸ್ಪಿರಿಟ್ಟಿನ ಬೋಗುಣಿಗೆ ಇಳಿಸಬೇಕು. ಹೆಚ್ಚು ಹೊತ್ತು ಒಣನೀರಿನಲ್ಲೇ ಬಿಟ್ಟರೆ ತೊಗಲು ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಕೊಕ್ಕೆಯಿಂದಲೇ ಎಳೆದರೂ, ಮರದ ಸೌಟಿನಿಂದ ಎತ್ತಿದರೂ ಹಸಿ ತೊಗಲು ಅದಕ್ಕೇ ಅಂಟಿ ಕಿತ್ತುಬರುತ್ತದೆ. ಇಕ್ಕಳವೇ ಬೇಕು, ಇಕ್ಕಳ ದುಂಡವ್ವನ ಕೈಯದ್ದು. ನನ್ನ ಕೈಯಲ್ಲಿ ಅದರ ಬಾಯಿ ಯಾವುದನ್ನೂ ಕಚ್ಚುವುದಿಲ್ಲ. ಅವಳ ಕಣ್ಣಿಗೆ ಬದಲು ನಾನು "ಎಡಕ್ಕೆ, ಇನ್ನೂ ಕೆಳಗೆ" ಎಂದು ಹೇಳುತ್ತ ಹೇಗೋ ನಡೆಸುತ್ತಿದ್ದೆವು. ಆದರೆ ಆ ವರ್ಷ ಅವಳ ಕೈಯೂ ನಡುಗತೊಡಗಿತು.

ನಮ್ಮೂರಿಗೆ ಇರುವುದು ಒಂದೇ ಬಸ್ಸು. ಹಳೆಯ ಡ್ರೈವರು ಕೆಲಸ ಬಿಟ್ಟು, ಯಮನೂರಿ ಎಂಬ ಹೊಸಬ ಬಂದಿದ್ದ. ಅವನು ಬಸ್ಸಿನ ಗೇರುಕೋಲನ್ನು ಬಿಚ್ಚಿ ಹೆಗಲ ಮೇಲೆ ಗದೆಯ ಹಾಗೆ ಇಟ್ಟುಕೊಂಡು ತೊಗಲುಮನೆಗೆ ಬಂದ. ಹಳೆಯ ತೊಗಲು ಕೆರೆದು ಅವನ ಕೈಗೆ ಬೆಳೆಸಿದೆವು. ನಾನು ಸರಿಯಾದ ಗಳಿಗೆಗೆ ಸಾಕು ಎಂದೆ. ದುಂಡವ್ವ ಇಕ್ಕಳ ಇಳಿಸಿದಳು, ಕಚ್ಚಿಸಿದಳು, ಅರ್ಧ ಎತ್ತುವಷ್ಟರಲ್ಲಿ ಬೆರಳು ಸಡಿಲಾಗಿ ಕೋಲು ತಳಕ್ಕೆ ಹೋಯಿತು. ಮತ್ತೆ ಹುಡುಕಿ ಮತ್ತೆ ಜಾರಿತು. ಕೊನೆಗೆ ಇಬ್ಬರು ಗಂಡಸರು ಮರದ ಸೌಟು ಹಾಕಿ ಎತ್ತಿದಾಗ ತೊಗಲೆಲ್ಲ ಲೋಳೆಯಾಗಿ ಸೌಟಿಗೆ ಬಂದಿತ್ತು.

"ಇರಲಿ ಬಿಡಬೇ," ಎಂದ ಯಮನೂರಿ. "ಬಸ್ಸು ಬೇವಿನ ಗಿಡದ ಕೆಳಗ ನಿಂತೈತಿ. ಕೋಳಿ ಒಳಗ ತತ್ತಿ ಇಡಾಕ ಹತ್ಯಾವು. ಕಂಡಕ್ಟರ್ ಅವಕ್ಕ ಟಿಕೀಟು ಕೇಳಾಕ ಹತ್ಯಾನ."

ಎಲ್ಲರೂ ನಕ್ಕರು. ದುಂಡವ್ವ ನಗಲಿಲ್ಲ. ಇಕ್ಕಳವನ್ನು ಒರೆಸಿ ಒರೆಸಿ ಇಟ್ಟಳು.

ಸಂಜೆಗೆ ಊರ ಪಂಚರಲ್ಲಿ ಹಿರಿಯರಾದ ಸಿದ್ರಾಮಪ್ಪ ಬಂದು ಕಟ್ಟೆಯ ಮೇಲೆ ಕೂತರು. ಕೆಟ್ಟವರಲ್ಲ, ಬೇಸರದ ಮಾತನ್ನು ಹೇಳುವ ಮೊದಲು ಎಲೆ ಅಡಿಕೆ ಹಾಕಿಕೊಳ್ಳುವವರು.

"ದುಂಡವ್ವ, ಎತ್ತಾಕ ಆಗದಂದ್ರ ಬಾನಿ ಇಲ್ಲಿ ಇದ್ದು ಏನು ಉಪಯೋಗ? ಗುಡ್ಡದ ಮ್ಯಾಲಿನ ಊರಾಗ ನೋಡೋರು ಎತ್ತೋರು ಇಬ್ಬರೂ ಅದಾರ. ಅಮಾಸಿಗೆ ಎತ್ತಿನ ಗಾಡಿ ತರಸ್ತೀವಿ. ಬಾನಿ ಅಲ್ಲಿ ಇರಲಿ. ಮಂದಿ ಗುಡ್ಡಾ ಹತ್ತಿ ಹೋಗಿ ಬರತಾರ."

"ನಮ್ಮ ಶಾಂಬಿ ಅದಾಳಲ್ಲ."

"ಶಾಂಬಿಗೆ ಇಕ್ಕಳ ಎಲ್ಲೈತಿ? ಒಂದು ನಿಬ್ಬಿಗೆ ಮೂರು ಸಲ ಓಡಿಹೋದಾಕಿ ಆಕಿ." ಸಿದ್ರಾಮಪ್ಪ ನನ್ನ ಕಡೆ ನೋಡದೆ ಹೇಳಿದರು. ಅದು ಅವರ ಮರ್ಯಾದೆ. "ಅಮಾಸಿಯೊಳಗ ಆಕಿ ಕೈಯಾಗ ಇಕ್ಕಳ ಬಂತಂದ್ರ ನಾ ಗಾಡಿ ತರಸೂದಿಲ್ಲ."

ಬಾನಿ ಹೋದರೆ ಮನೆ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಆದರೆ ಯಾರ ಎದುರಿಗೂ ಕೂರುವಂತಿಲ್ಲ. ಮತ್ತೆ ಕಟ್ಟೆ, ಮತ್ತೆ ಗೋಡೆ. ಮುಖಗಳ ಮೇಲೆ ಬಂದುಹೋಗುವ ಅದು ಏನು ಎನ್ನುವುದು ಇನ್ನು ಗೊತ್ತಾಗುವುದೇ ಇಲ್ಲ. ಆ ಯೋಚನೆ ಬಂದದ್ದೇ ನಾನು ಕಮ್ಮಾರ ಓಣಿಗೆ ಹೋಗಿ ಒಂದು ಇಕ್ಕಳ ಹೇಳಿಬಂದೆ.

ಇಕ್ಕಳ ಬಂತು, ಬೆಳ್ಳಗೆ, ಬತ್ತಲೆಯಾಗಿ. ಈಗ ನಾನು ಮಣೆಯ ಮೇಲೆ ಕೂರಬೇಕು. ಎದುರಿಗೆ ಯಾರು? ದುಂಡವ್ವನಿಗೆ ಕಾಣುವುದಿಲ್ಲ. ಅವ್ವನನ್ನು ಕೂರಿಸಿದರೆ ಅಳುತ್ತಾಳೆ. ಒಣನೀರಿನ ಹತ್ತಿರ ಅಳು ಕೂಡದು. ಅದಕ್ಕೆ ನೀರೆಂದರೆ ಆಗದು, ಆದರೂ ಎಲ್ಲಿ ನೀರಿದ್ದರೂ ಕುಡಿದುಬಿಡುತ್ತದೆ, ಗಾಳಿಯೊಳಗಿನ ತೇವವನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ನಾವು ಬಾಗಿಲನ್ನೇ ತೆಗೆಯುವುದಿಲ್ಲ. ತಲೆಗೆ ಎರೆದುಕೊಂಡು ಬಂದವರನ್ನು ಹೊರಗೇ ನಿಲ್ಲಿಸುತ್ತೇವೆ. ಅಳುವ ಅವ್ವ ಬೇಡ. ಬೇರೆ ಯಾರ ಮುಂದೆಯೋ ಕೂತು ಮುಖ ಒಪ್ಪಿಸುವುದನ್ನು ನೆನೆಸಿದರೇ ನನ್ನ ಕಾಲು ಬಾಗಿಲ ಕಡೆ ತಿರುಗುತ್ತಿತ್ತು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನ ದುಂಡವ್ವ ಉಂಡು ಮಲಗಿದ ಹೊತ್ತಿನಲ್ಲಿ ಬಾಗಿಲು ಹಾಕಿ, ಅವ್ವನ ಕನ್ನಡಿಯನ್ನು ಬಾನಿಯ ಆಚೆ ಗೋಡೆಗೆ ಆನಿಸಿಟ್ಟೆ. ಹಲಗೆಯನ್ನು ಎಳೆದು ನನ್ನ ಕಾಲಡಿಗೇ ತಂದುಕೊಂಡೆ. ಎತ್ತುವ ಹೊತ್ತಿಗೆ ದುಂಡವ್ವನನ್ನು ಎಬ್ಬಿಸಿದರಾಯಿತು. ಕೈಗೆ ತವುಡು ತಿಕ್ಕಿ ಬೆವರು ಒರೆಸಿ, ಕಡ್ಡಿ ಹಿಡಿದು, ಕೊಕ್ಕೆಗೆ ಇಕ್ಕಳ ತೂಗಿಬಿಟ್ಟು ಒಣನೀರಿಗೆ ಇಳಿಸಿದೆ. ಹಲಗೆ ಒತ್ತಿದೆ. ಇರುವೆ ಹರಿದವು. ಕನ್ನಡಿಯಲ್ಲಿ ನೋಡಿದೆ.

ಅಲ್ಲೊಬ್ಬಳು ನನ್ನನ್ನು ದಿಟ್ಟಿಸುತ್ತಿದ್ದಳು. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು. ನಾನು ಕಾದಷ್ಟೂ ಅವಳೂ ಕಾದಳು. ನಾನು ಇನ್ನೂ ಚೆನ್ನಾಗಿ ನೋಡಿದರೆ ಅವಳು ಇನ್ನೂ ಚೆನ್ನಾಗಿ ನೋಡಿದಳು. ಬೇರೆಯವರ ಮುಖ ಸುಮ್ಮನಾಗುವ ಹಾಗೆ ಅವಳ ಮುಖ ಸುಮ್ಮನಾಗಲೇ ಇಲ್ಲ. ನೋಡುವ ಮುಖದಲ್ಲಿ ಬೇರೇನೂ ಬರಲು ಜಾಗವಿರಲಿಲ್ಲ. ಸುಟ್ಟ ಹುಣಸೆಬೀಜದ ವಾಸನೆ ಬಂದಾಗಲೇ ನನಗೆ ಎಚ್ಚರ. ಗಡಬಡಿಸಿ ಬಗ್ಗಿದೆ, ಗದ್ದದಿಂದ ಬೆವರಿನ ಹನಿಯೊಂದು ಬಾನಿಗೆ ಬಿತ್ತು, ಅದರ ಹಿಂದೆ ಇನ್ನೊಂದು. ಕೊಕ್ಕೆ ಎತ್ತಿ ನೋಡಿದರೆ ಇಕ್ಕಳದ ತುಂಬ ಕಪ್ಪು ಹೊಪ್ಪಳೆ. ಬೆರಳು ತಾಗಿದ ಕಡೆಯೆಲ್ಲ ಚಕ್ಕೆ ಉದುರಿತು.

ದುಂಡವ್ವ ಬಂದು ಬಾನಿಯ ಮೇಲೆ ಮೂಗು ಹಿಡಿದಳು. ಅವಳಿಗೆ ಕಣ್ಣು ಬೇಕಾಗಲಿಲ್ಲ.

"ಬೆವರು ಕುಡಿಸೀದಿ. ಕನ್ನಡಿ ಇಟ್ಟಿದ್ದೇನ?"

ನಾನು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ.

"ನಾನೂ ಇಟ್ಟಿದ್ದೆ," ಎಂದಳು. "ನಮ್ಮ ಮಂದಿ ಮಾಡೋ ತಪ್ಪು ಇದೊಂದ. ಜಮಾದಾರಗ ಇದು ಹೊಳೆಯೂದಿಲ್ಲ, ಬಡಿಗ್ಯಾಗ ಹೊಳೆಯೂದಿಲ್ಲ. ಬರೇ ನೋಡಕೋತ ಕುಂತೋರಿಗೆ ಹೊಳಿತೈತಿ." ಬಾನಿಯ ಕೆಳಗಿನ ಒಲೆಗೆ ಕೈಯಾಡಿಸಿ ಇದ್ದಿಲು ಹುಡುಕಿದಳು. "ಹಚ್ಚು. ಸಣ್ಣ ಉರಿ. ನೀರು ಹೋಗಲಿ."

ಮಾರನೆಯ ದಿನವಿಡೀ ಒಣನೀರನ್ನು ಕಾಯಿಸಿದೆವು. ಅದು ಕುದಿಯುವುದಿಲ್ಲ, ಕುಡಿದ ನೀರು ಮಾತ್ರ ಸಣ್ಣ ಸಣ್ಣ ಗುಳ್ಳೆಯಾಗಿ ಎದ್ದು ಹೋಗುತ್ತದೆ. ನಾನು ಒಂದು ಕಡೆ ಕೂತು ಮರಳುಗಲ್ಲಿನಿಂದ ಇಕ್ಕಳದ ಹೊಪ್ಪಳೆ ತಿಕ್ಕಿದೆ. ತಿಕ್ಕುತ್ತ ತಿಕ್ಕುತ್ತ ಅದರ ಬಾಯಿ ಸವೆದು, ಎರಡು ತುದಿ ಕೂಡಿದರೂ ನಡುವೆ ಬೆಳಕು ಕಾಣಲು ಶುರುವಾಯಿತು. ಇನ್ನೊಮ್ಮೆ ಕೆಟ್ಟರೆ ಇನ್ನೊಮ್ಮೆ ತಿಕ್ಕಬೇಕು. ಆಮೇಲೆ ಅದು ಏನನ್ನೂ ಕಚ್ಚುವುದಿಲ್ಲ. ಕಮ್ಮಾರ ಇನ್ನೊಂದು ಬಡಿದು ಕೊಡುವಷ್ಟರಲ್ಲಿ ಅಮಾವಾಸ್ಯೆ ಮುಗಿದಿರುತ್ತದೆ.

"ನಿನ್ನ ಇಕ್ಕಳಕ್ಕ ಯಾರು ನೋಡಿದರಬೇ?" ಎಂದು ಕೇಳಿದೆ.

"ಒಬ್ಬ ದನಾ ಕಾಯಾಂವ. ಬಾಗಿಲ ಮುಂದ ಹೊಂಟಿದ್ದ, ಕರದು ಕುಂದ್ರಿಸಿದೆ. ಅವಗ ಏನೂ ಗೊತ್ತಿರಲಿಲ್ಲ. ಕಣ್ಣಿದ್ದುವು, ಅವಸರ ಇರಲಿಲ್ಲ. ಸಾಕಲ್ಲ?"

"ಅವಗ ಯಾವಾಗ ಸಾಕು ಅನಬೇಕಂತ ಹೆಂಗ ಗೊತ್ತಾತು?"

"ಅನ್ನಲೇ ಇಲ್ಲ ಅಂವಾ. 'ಏ' ಅಂದ. ಹಲಗಿ ನನ್ನ ಕಾಲ ಕೆಳಗನ ಇತ್ತು, ನಾ ಕಾಲು ತಗದೆ."

ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಬಾಳವ್ವ ಬಂದಳು. ಸಂತೆಯಲ್ಲಿ ಕಲ್ಲಂಗಡಿ ಹೋಳು ಮಾಡಿ ಮಾರುವವಳು. ಅವಳ ಕತ್ತಿಯ ತೊಗಲು ಬೇಗ ಸವೆಯುತ್ತದೆ, ಹಾಗಾಗಿ ಮೂರು ತಿಂಗಳಿಗೊಮ್ಮೆ ಅವಳ ಸವಾರಿ ಇದ್ದದ್ದೇ. ಎತ್ತುವವರಿಲ್ಲ ಎಂದು ದುಂಡವ್ವ ಹೇಳಿದರೂ ಹೋಗದೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ನಿಂತಳು. ಹೊರಗೆ ಗೋಡೆಯ ನೆರಳಲ್ಲಿ ಯಮನೂರಿ ಗೇರುಕೋಲಿಗೆ ತಲೆ ಕೊಟ್ಟು ಮಲಗಿದ್ದ.

"ನಾಳೆ ಗಾಡಿ ಬರತೈತಂತ," ಎಂದಳು ಬಾಳವ್ವ. "ನಾ ಈ ಮೈ ಹೊತಗೊಂಡು ಗುಡ್ಡಾ ಹತ್ತಬೇಕಾ? ಹತ್ತೂದರಾಗ ಕಲ್ಲಂಗಡಿ ಹಂಗಾಮನ ಮುಗದಿರ್ತೈತಿ. ಏ ಶಾಂಬಿ, ಕುಂದ್ರಬಾರದೇನ? ಏನಾರ ಕಚ್ಚತೈತೇನ ಅದು?"

"ನೋಡೋರಿಲ್ಲ," ಎಂದೆ, ಬಾನಿಯ ಕಡೆ ಮುಖ ಮಾಡಿ.

"ನಾ ನೋಡ್ತೀನಿ."

"ನಿನಗ ನೋಡಾಕ ಬರೂದಿಲ್ಲ."

ಬಾಳವ್ವ ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. "ಬರೂದಿಲ್ಲಂತ. ಕೇಳಬೇ ದುಂಡವ್ವ. ಆ ಮಣಿ ಮ್ಯಾಲೆ ಕುಂತು ನಾ ಎಷ್ಟು ಸಲ ಕತ್ತಿ ಮಾಡಿಸೇನಿ? ಅಷ್ಟು ಸಲಾನೂ ಒಂದು ಕೈಯಾಗ ಕಡ್ಡಿ, ಒಂದು ಕೈಯಾಗ ಕೊಕ್ಕಿ, ಮೂಗು ತುರಿಸಿಕೊಳ್ಳಾಕ ಬರಂಗಿಲ್ಲ, ಎದರಿಗೆ ಈಕಿ. ಈಕಿ ನನ್ನ ನೋಡುವಾಗ ನಾ ಏನು ಸೂರು ನೋಡಕೋತ ಕುಂತಿದ್ನಾ? ಈಕೀನ ನೋಡಕೋತ ಕುಂತಿದ್ದೆ. ಹುಬ್ಬಿನ ಮ್ಯಾಲೆ ಸಣ್ಣ ಗಾಯದ ಕಲಿ ಐತಿ. ಸಾಕು ಅನ್ನೂಕಿಂತ ಮದಲ ಎಡಗಡೆ ತುಟಿ ಒಳಗ ಜಗ್ಗತಾಳ. ಬ್ಯಾಸರಾದಾಗ ಕಣ್ಣಾಗ ಬೆಕ್ಕು ಬಂದು ಕುಂತಂಗ ಆಗತೈತಿ. ನಾ ಒಬ್ಬಾಕೀನ ಅಲ್ಲ, ಊರಾಗ ಯಾರನ್ನ ಬೇಕಾದ್ರೂ ಕೇಳು. ಈಕಿ ಮಾರಿ ನೋಡಿದಷ್ಟು ನಮ್ಮ ಗಂಡಂದಿರ ಮಾರಿ ನಾವು ನೋಡಿಲ್ಲ."

ಹೊರಗಿನಿಂದ ಯಮನೂರಿ ಮಲಗಿದಲ್ಲೇ ಹೇಳಿದ: "ಖರೇನ ಐತಿ. ನಾ ಒಮ್ಮಿ ಕುಂತಾಂವ, ನನಗೂ ಹುಬ್ಬಿನ ಗಾಯ ಗೊತ್ತೈತಿ."

ಇಷ್ಟು ವರ್ಷ ನಾನು ಗೋಡೆಯ ಕಿಂಡಿಯಿಂದ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಕಿಂಡಿಯೇ ಇರಲಿಲ್ಲ. ಗೋಡೆಯೂ ಇರಲಿಲ್ಲ. ನಾನು ಎಲ್ಲರ ಎದುರಿಗೆ ಮಾರುದೂರದಲ್ಲಿ, ಹಾಡುಹಗಲು, ಮುಖ ಎತ್ತಿಕೊಂಡು ಕೂತಿದ್ದೆ. ಓಡಿಹೋಗಬೇಕೆನಿಸಿತು. ಓಡಲು ಕಾಲು ಎತ್ತಿದ ಮೇಲೆ ಅನಿಸಿತು, ಎಲ್ಲಿಗೆ? ಅಡಗಿಸಿಡಲು ಏನಾದರೂ ಉಳಿದಿದ್ದರೆ ತಾನೆ ಅಡಗುವುದು. ಅದರ ಜೊತೆಗೇ ತಲೆಯೊಳಗೆ ಇನ್ನೊಂದು ಹುಳ ಹೊಕ್ಕಿತು: ಬೆಕ್ಕು 'ಬಂದು ಕೂತಂತೆ' ಎಂದರೆ ಹೇಗಿರುತ್ತದೆ? ನನಗೆ ಗೊತ್ತಿಲ್ಲದ್ದು ಇವಳಿಗೆ ಗೊತ್ತಿತ್ತು.

ತವುಡಿನಿಂದ ಕೈ ತಿಕ್ಕಿಕೊಂಡೆ. ಮತ್ತೆ ಬೆವರಿತು. ಮತ್ತೆ ತಿಕ್ಕಿದೆ. ಬಾಳವ್ವ ತನ್ನ ಸೆರಗಿನ ಒಣ ತುದಿಯಿಂದ ನನ್ನ ಗದ್ದ, ಕುತ್ತಿಗೆ ಎಲ್ಲ ಮಗುವಿಗೆ ಒರೆಸುವ ಹಾಗೆ ಒರೆಸಿದಳು. ದುಂಡವ್ವ ಬಾಗಿಲಲ್ಲಿ ಕೂತು ಕಾಳುರಸದ ಚಿಪ್ಪು ಮುಂದೆ ಮಾಡಿದಳು. ನಾನು ಬೆರೆಸಿದೆ. ಮಣೆಯ ಮೇಲೆ ಕೂತೆ.

ಬಾಳವ್ವ ನನ್ನ ಜಾಗದಲ್ಲಿ ಕೂತಾಗ ಸ್ಟೂಲು ಕಿರ್ರೆಂದಿತು. ಹಲಗೆಯ ಮೇಲೆ ತನ್ನ ದಪ್ಪ ಕಾಲು ಇಟ್ಟು, "ಒತ್ತಲೇನ?" ಎಂದಳು. ಒತ್ತಿದಳು.

ಇರುವೆಗಳು ಮೊಣಕೈ ದಾಟಿ ಹೆಗಲಿಗೆ ಬಂದವು. ನಾನು ಇಕ್ಕಳ ಮುಳುಗಿದ ಜಾಗವನ್ನೇ ನೋಡಿದೆ. "ಮ್ಯಾಲೆ ನೋಡಬೇ ತಾಯಿ," ಎಂದಳು ಬಾಳವ್ವ, "ನಿನ್ನ ಬೈತಲೆ ನೋಡಿ ಸಾಕು ಅನ್ನಾಕ ಬರೂದಿಲ್ಲ." ನಾನು ಮುಖ ಎತ್ತಿದೆ. ಅವಳ ಮುಖ ದೊಡ್ಡದು, ಅಗಲ, ಬಿಸಿಲಿಗೆ ಕಂದಿದ್ದು. ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಅಭ್ಯಾಸಬಲದಿಂದ ಅದರಲ್ಲಿ ಆ ಗಳಿಗೆಗಾಗಿ ಹುಡುಕತೊಡಗಿದೆ. ಆಮೇಲೆ ಹುಡುಕುವ ಕೆಲಸ ಇವತ್ತು ನನ್ನದಲ್ಲ ಎಂದು ನೆನಪಾಯಿತು. ಹುಡುಕದೆ ಒಂದು ಮುಖವನ್ನು ಸುಮ್ಮನೆ ನೋಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಎಲ್ಲಿಡಲಿ ಎಂದು ಒದ್ದಾಡಿದೆ. ಅವಳ ಮೂಗುತಿಯ ಮೇಲೆ ಇಟ್ಟೆ. ಅಲ್ಲಿ ಬಾಗಿಲ ಬೆಳಕು ಸಣ್ಣದಾಗಿ ಕೂತಿತ್ತು. ಹೊರಗೆ ಯಾರೋ ಕೊಡ ಇಳಿಸಿದ ಸದ್ದು. ಯಮನೂರಿ ಏನೋ ಗುನುಗುತ್ತಿದ್ದದ್ದು ನಿಂತಿತು. ಆಮೇಲೆ ನಾನು ಏನು ನೋಡುತ್ತಿದ್ದೆ, ಏನು ಯೋಚಿಸುತ್ತಿದ್ದೆ ಎಂದು ಈಗ ಹೇಳೆಂದರೆ ಹೇಳಲಾರೆ.

"ಸಾಕು," ಎಂದಳು ಬಾಳವ್ವ. ದನಿ ಮೆತ್ತಗಿತ್ತು.

ಹಲಗೆ ಟಕ್ಕೆಂದು ಮೇಲೆದ್ದಿತು. ಈಗ ಎತ್ತಬೇಕು, ತಡಮಾಡುವಂತಿಲ್ಲ. ದುಂಡವ್ವ ಗೋಡೆ ಹಿಡಿದು ಬಂದು ತನ್ನ ಇಕ್ಕಳ ತೆಗೆದುಕೊಂಡಳು. ಅವಳ ಕೈ ಗಾಳಿಗೆ ಸಿಕ್ಕ ಎಲೆಯ ಹಾಗಿತ್ತು. ನಾನು ಹಿಂದಿನಿಂದ ತೋಳು ಹಾಕಿ ಅವಳ ಮುಷ್ಟಿಯನ್ನು ನನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದೆ. ಇಕ್ಕಳಕ್ಕೆ ತಾಗಿದ್ದು ಅವಳ ಬೆರಳು ಮಾತ್ರ, ಬೆರಳನ್ನು ಬಿಗಿದದ್ದು ನಾನು. ಎಲುಬು ಹಿಟ್ಟಾದರೂ ಬಿಡಬೇಡ ಎಂದಳು. ಬಿಡಲಿಲ್ಲ. ನನ್ನ ಇಕ್ಕಳ ಒಣನೀರಿನಿಂದ ನಿಧಾನವಾಗಿ ಎದ್ದು, ದಾರದಂತೆ ಸೋರಿ, ಸ್ಪಿರಿಟ್ಟಿಗೆ ಇಳಿಯಿತು. ತೊಳೆದು ಬಿಳಿ ಅರಿವೆಯ ಮೇಲೆ ಇಟ್ಟರೆ ತುದಿಯಿಂದ ತುದಿಗೆ ಒಂದೇ ಸಮನೆ ಕಪ್ಪುನೀಲಿ. ಬಾಯಿಯ ಹತ್ತಿರ ನಾನು ಸವೆಸಿದ್ದ ಸಂದಿಯನ್ನೂ ತೊಗಲು ತುಂಬಿತ್ತು.

ದುಂಡವ್ವ ನಿಂತಲ್ಲೇ ಕೂತು ಕೈ ನೀವಿಕೊಂಡಳು. ಬಾಳವ್ವ ಸ್ಟೂಲಿನಿಂದ ಏಳಲೇ ಇಲ್ಲ.

"ಏನು ಕಂಡ್ತು?" ಎಂದು ಕೇಳಿದೆ.

ಅವಳು ಹೋಳು ಮಾಡಲು ಎಲ್ಲಿ ಕತ್ತಿ ಹಾಕಬೇಕೆಂದು ಹಣ್ಣನ್ನು ತಿರುವಿ ನೋಡುವ ಹಾಗೆ ನನ್ನನ್ನು ನೋಡಿದಳು. "ಯಾರೋ ದೂರದಿಂದ ಕರದಂಗ ಆತು. ನೀ 'ಓ' ಅಂದಂಗ ಆತು. ಬಾಯಿ ಏನೂ ತಗೀಲಿಲ್ಲ ಮತ್ತ ನೀ." ಅಷ್ಟು ಹೇಳಿ ಸೆರಗು ಕೊಡವಿ ಎದ್ದಳು. "ನನ್ನ ಕತ್ತಿ ಯಾವಾಗ?"

"ಮದಲ ನನ್ನ ಬಸ್ಸು," ಎಂದು ಯಮನೂರಿ ಕೋಲು ಹೊತ್ತು ಒಳಗೆ ಬಂದಾಗಿತ್ತು.

ಅವನನ್ನು ಕೂರಿಸಿದೆ. ಕೊಕ್ಕೆಗೆ ಕೋಲು ತೂಗಿಸಿದೆ, ಹಲಗೆ ಒತ್ತಿದೆ. ಬಸ್ಸಿನಲ್ಲಿ ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಲು ಕಂಡಕ್ಟರಿಗೆ ಮನಸ್ಸಿಲ್ಲವೆಂದೂ, ಮುಂದಿನ ವಾರ ಪುಕ್ಕಟೆ ಪ್ರಯಾಣಿಕರು ಹೆಚ್ಚಾಗಬಹುದೆಂದೂ ಅವನು ಹೇಳುತ್ತಿದ್ದ. ಆಮೇಲೆ ಮಾತು ಸಣ್ಣದಾಯಿತು, ನಿಂತಿತು. ಅವನು ನನ್ನನ್ನು ನೋಡುತ್ತಿದ್ದ. ಅದು ಈಗ ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎನ್ನುವುದು ಅವನಿಗೂ ಗೊತ್ತಿತ್ತು. ಮುಖ ಬೆಚ್ಚಗಾಯಿತು, ಆದರೆ ಕಣ್ಣು ತೆಗೆಯಲಿಲ್ಲ. ಬಿಸಿಲಲ್ಲಿ ನಡೆದು ಬಂದವನಿಗೆ ಇದ್ದಕ್ಕಿದ್ದಂತೆ ನೆರಳು ಸಿಕ್ಕಿದಂಥದ್ದೊಂದು ಅವನ ಮುಖದ ಮೇಲೆ ಬಂತು.

"ಸಾಕು," ಎಂದೆ. ಹೊರಗೆ ನಿಂತ ಹೆಂಗಸರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು ಅದು.

ನನ್ನ ಇಕ್ಕಳ ಕೈಗೆ ತೆಗೆದುಕೊಂಡೆ. ಕಬ್ಬಿಣ ತಣ್ಣಗಿರುತ್ತದೆ ಎಂದು ತಿಳಿದಿದ್ದೆ, ಅದು ತಣ್ಣಗಿರಲಿಲ್ಲ. ಒಣನೀರಿಗೆ ಇಳಿಸಿ ತಡವಿದೆ, ಕೋಲು ಸಿಕ್ಕಿತು. ಒತ್ತಿದೆ. ಇಕ್ಕಳ ಕಚ್ಚಿತು. ಕಚ್ಚಿದ್ದು ನನ್ನ ಬೆರಳುಗಳ ತನಕ ತಿಳಿಯಿತು. ಭಾರವಾದ ಗೇರುಕೋಲು ಅಲುಗದೆ, ಜಾರದೆ, ತೊಟ್ಟಿಕ್ಕುತ್ತ ಮೇಲೆ ಬಂತು.

"ಎತ್ತಿದೇನ?" ಎಂದಳು ದುಂಡವ್ವ ಮೂಲೆಯಿಂದ.

ನಾನು ಹೌದೆಂದು ತಲೆ ಆಡಿಸಿದೆ. ಅವಳು ಇನ್ನೂ ಮುಖ ಎತ್ತಿಕೊಂಡು ಕಾಯುತ್ತಿದ್ದಳು. ಅವಳಿಗೆ ಕಾಣುವುದಿಲ್ಲವಲ್ಲ ಎಂದು ಆಗ ನೆನಪಾಗಿ, ಬಾಯಿ ತೆರೆದು ಹೇಳಿದೆ.

"ಎತ್ತೇನಿ."